ಎರಡನೇ ಗೋಲಿ

ಮೆಗ್ಗಾನ್ ಆಸ್ಪತ್ರೆ ಎದುರಿನ ಮೆಡಿಕಲ್ ಶಾಪಿನಲ್ಲಿ
ಮುನ್ನೂರಕ್ಕೆ ಹತ್ತು ಕಮ್ಮಿ.
ಡಬ್ಬಿ ಬಿಚ್ಚಿದರೆ ಮಕ್ಕಳಾಟದ ಸಾಮಾನು:
ಮೂರು ಪ್ಲಾಸ್ಟಿಕ್ ಕೊಳವೆ,
ಕೊಳವೆಗೊಂದು ಗೋಲಿ, ನೀಲಿ, ಹಳದಿ, ಕೆಂಪು,
ಪಕ್ಕಕ್ಕೆ ಎರೆಹುಳದಂಥ ಸುಕ್ಕು ಪೈಪು,
ತುದಿಯಲ್ಲಿ ಬಾಯಿಗಿಡುವ ಬಿಳಿ ತುಂಡು.

ತುಟಿ ತಾನಾಗಿ ಹಳೇ ವರಸೆಗೆ ಬಂತು.
ಕೆಳದುಟಿ ಹಲ್ಲಿನ ಮೇಲೆ ಮಡಚಿ,
ನಾಲಗೆಯಿಂದ ತುಸು ತೇವ ಮಾಡಿ,
ಮೂವತ್ತೆಂಟು ವರ್ಷ ಕ್ಲಾರಿನೆಟ್ಟಿಗೆ ಕೊಟ್ಟ ಮರ್ಯಾದೆಯನ್ನೇ ಕೊಟ್ಟು
ಊದಿದೆ.
ಗೋಲಿಗಳು ಕೂತಲ್ಲೇ ಕೂತವು,
ಮುಯ್ಯಿ ಬರೆಸದೆ ಪಂಕ್ತಿಗೆ ಕೂತ ನೆಂಟರ ಹಾಗೆ.

‘ಊದೋದಲ್ಲ ಖಲಂದರಣ್ಣ, ಎಳ್ಕೊಳ್ಳೋದು’
ಅಂದಳು ಫಿಸಿಯೋ ಹುಡುಗಿ ಲವೀನಾ.
(ಅವಳಪ್ಪನ ಮದುವೆಗೆ ಊದಿದ್ದು ನಾನೇ.)
‘ಎಳನೀರಿನ ತಳ ಹೀರ್ತೀರಲ್ಲ, ಹಾಗೆ. ನಿಧಾನ.
ಗೋಲಿ ಮೇಲೆ ಹೋದಾಗ ಅಲ್ಲೇ ನಿಲ್ಲಿಸಿ.’

ಎಳ್ಕೊಳ್ಳೋದು!
ನನ್ನ ಕಸುಬಿನಲ್ಲಿ ಅದು ಕಳ್ಳತನದ ಕೆಲಸ.
ಎರಡು ಸ್ವರದ ಸಂದಿಯಲ್ಲಿ, ಬಾಯಿಯ ಮೂಲೆಯಿಂದ,
ಡೋಲಿನವನಿಗೂ ತಿಳಿಯದ ಹಾಗೆ
ಒಂದಿಷ್ಟು ಒಳಗಿಳಿಸಿ,
ಮಿಕ್ಕ ಹೊತ್ತೆಲ್ಲ ಕೊಡುವುದೇ.
ದುರ್ಗಿಗುಡಿಯಿಂದ ವಿನೋಬನಗರದವರೆಗೆ
ಮದುಮಗನ ಕಾರಿನ ಮುಂದೆ ಹಿಂದುಹಿಂದಕ್ಕೆ ನಡೆಯುತ್ತ
ಕೊಟ್ಟದ್ದಕ್ಕೆ ಲೆಕ್ಕವಿಲ್ಲ.
ಈಗ ಎದೆಯ ಬಲಗಡೆ ನೀರು ತುಂಬಿ,
ಹದಿನೇಳು ದಿನ ವಾರ್ಡಿನಲ್ಲಿ ಮಲಗಿ,
ಎರಡು ಮೆಟ್ಟಿಲು ಹತ್ತಿದರೆ ಹಾರ್ಮೋನಿಯಂ ತೂತಾದ ಸದ್ದು.

ಮೊದಲ ವಾರ ನೀಲಿ ಅಲುಗಿತು, ಹಾರಲಿಲ್ಲ.
ಎರಡನೇ ವಾರ ಹಾರಿತು, ನಿಲ್ಲಲಿಲ್ಲ.
ಆಗ ಒಂದು ಉಪಾಯ ಸಿಕ್ಕಿತು:
ಯಂತ್ರ ತಲೆಕೆಳಗು ಹಿಡಿದು ಊದಿದರೆ
ನೀಲಿ ಟಕ್, ಹಳದಿ ಟಕ್,
ಕೆಂಪು ಕೂಡ ಅರ್ಧದ ತನಕ!
ಒಬ್ಬನೇ ನಕ್ಕೆ, ಕೆಮ್ಮು ಬಂತು.
ಬಾಗಿಲಲ್ಲಿ ಜೈತುನ್, ಕೈಯಲ್ಲಿ ಅಕ್ಕಿಯ ಮೊರ.
‘ಯಾರಿಗೆ ಮೋಸ ಮಾಡೋದು, ಪ್ಲಾಸ್ಟಿಕ್ಕಿಗಾ?’

ಮೊರ ಕೆಳಗಿಟ್ಟಳು. ಸೆರಗಿನಲ್ಲಿ ಬಾಯಿತುಂಡು ಒರೆಸಿದಳು.
ಕುತೂಹಲಕ್ಕೆ ಒಮ್ಮೆ ಎಳೆದಳು.
ಮೂರೂ ಗೋಲಿ ಮೇಲೆ.
ಅಲ್ಲೇ ನಿಂತವು, ನಾನು ನಾಲ್ಕು ಎಣಿಸುವ ತನಕ.
ಬಿಟ್ಟಳು, ಬಿದ್ದವು,
ಕಲ್ಲು ಆರಿಸಲು ಕೂತಳು.
ಇಷ್ಟು ಗಾಳಿ ಇವಳಲ್ಲಿ ಯಾವಾಗಿನಿಂದ ಇತ್ತು?
ಕೇಳಬೇಕೆಂದುಕೊಂಡೆ. ಕೇಳಲಿಲ್ಲ.

ಹಳೇ ಬುಕಿಂಗ್ ಡೈರಿಯಲ್ಲೇ ಬರೆಯುತ್ತೇನೆ.
‘ಮೇ ಹನ್ನೊಂದು, ಹೊಳೆಹೊನ್ನೂರು ರಸ್ತೆ, ಮುಂಗಡ ಬಂದಿದೆ’
ಅದರ ಕೆಳಗೆ ನಡುಗುವ ಅಕ್ಷರದಲ್ಲಿ:
ನೀಲಿ, ಎರಡು ಸೆಕೆಂಡು. ಸಂಜೆ: ನೀಲಿ, ಒಂದೂವರೆ.

ನಿನ್ನೆ ಸೀಗೆಹಟ್ಟಿ ತಿರುವಿನಲ್ಲಿ ನಮ್ಮದೇ ಬ್ಯಾಂಡು ಬಂತು.
ಮುಂದೆ ಭದ್ರಾವತಿಯ ಹೊಸ ಹುಡುಗ,
ಅವನ ಕೈಯಲ್ಲಿ ನನ್ನ ಕ್ಲಾರಿನೆಟ್ಟು.
ಕಿಟಕಿ ಪಕ್ಕ ಕೂತು ಪೈಪು ಬಾಯಿಗಿಟ್ಟಿದ್ದೆ.
ಹುಡುಗ ಬೆರಳಿನಲ್ಲಿ ಚುರುಕು, ಆದರೆ ಅವಸರ.
ಪಲ್ಲವಿ ಮುಗಿದು ಮೇಲಿನ ಷಡ್ಜಕ್ಕೆ ಏರುವ ಮುಂಚೆ
ಒಂದು ಜಾಗ ಇದೆ, ಕೂದಲೆಳೆಯಷ್ಟು.
ಅಲ್ಲಿ ಎಳೆದುಕೊಳ್ಳದಿದ್ದರೆ ಮುಂದೆ ಎಲ್ಲ ಸಾಲವೇ.
ಅವನಿಗೆ ಗೊತ್ತಿಲ್ಲ. ದಾಟಿಯೇ ಹೋಗುತ್ತಿದ್ದಾನೆ.
ಏ ಮಾರಾಯ, ಈಗ, ಈಗ ಎಳಿ
ಎನ್ನುತ್ತ ಅವನ ಪಾಲಿನದನ್ನು ನಾನೇ ಎಳೆದುಬಿಟ್ಟೆ.

ಸ್ವರ ಒಡೆಯಿತು ಬೀದಿಯಲ್ಲಿ.
ಡೋಲಿನವರು ಜೋರು ಬಡಿದು ಮುಚ್ಚಿದರು.

‘ರೀ’ ಅಂದಳು ಜೈತುನ್.
ಅವಳು ನೋಡುತ್ತಿದ್ದದ್ದು ನನ್ನನ್ನಲ್ಲ.

ಡೈರಿಯಲ್ಲಿ ಬರೆದೆ:
ಹಳದಿ.
ಎಷ್ಟು ಸೆಕೆಂಡು, ನೋಡಲಿಲ್ಲ.